ತೆಗೆಯುತ್ತಿದ್ದೆನೋ ಇಲ್ಲವೋ

ಚೀಲದ ಜಿಪ್ಪು ಅರ್ಧದಲ್ಲಿ ಸಿಕ್ಕಿಕೊಂಡಿದೆ, ಅವಳು ಎಳೆಯುತ್ತಾಳೆ, ಕಿರ್ ಎನ್ನುತ್ತದೆ, ನಿಲ್ಲುತ್ತದೆ, ಮತ್ತೆ ಕಿರ್ — ಹೋಗು, ಹೋಗಿ ಎಲ್ಲಾದ್ರೂ ಸಾಯಿ, ಯಾರು ಬೇಡ ಅಂದ್ರು, ಎಂದು ಮೇಸ್ತ್ರಿ ಕೂಗಿ ಆಗಿಹೋಗಿದೆ, ಕೂಗಿದ ಮಾತು ಅಡುಗೆಮನೆಯ ಗೋಡೆಗೆ ಬಡಿದು ತಿರುಗಿ ಅವನ ಕಿವಿಗೇ ಬಂದು ಕೂತಿದೆ, ಕಿವಿ ಉರಿಯುತ್ತಿದೆ, ತಂಗಿ ಮಾತ್ರ ತಲೆ ಎತ್ತಿಲ್ಲ, ಸಾಯೋಕಲ್ಲ ಅಣ್ಣ, ಬಸ್ಸಿಗೆ ಹೋಗ್ತಿರೋದು, ಎನ್ನುತ್ತಾಳೆ ಜಿಪ್ಪಿಗೆ ಹೇಳಿದ ಹಾಗೆ. ಒಂದು ಬಟ್ಟೆಯ ಅಂಚು ಜಿಪ್ಪಿನ ಹಲ್ಲಿಗೆ ಸಿಕ್ಕಿದೆ, ಅದು ಅವನಿಗೆ ಕಾಣುತ್ತಿದೆ, ಅವಳಿಗೆ ಕಾಣುತ್ತಿಲ್ಲ, ಅಲ್ಲಿ ನೋಡು ಅಂತ ಹೇಳಬಹುದು, ಹೇಳಿದರೆ ಹೋಗುವವಳಿಗೆ ಸಹಾಯ ಮಾಡಿದ ಹಾಗಾಗುತ್ತದೆ, ಹೇಳದಿದ್ದರೆ ಅವಳು ಹೀಗೇ ಎಳೆಯುತ್ತಿರುತ್ತಾಳೆ, ಎಳೆಯಲಿ, ಜಿಪ್ಪು ಕಿತ್ತುಹೋಗಲಿ, ಚೀಲವೇ ಹರಿದುಹೋಗಲಿ, ಹರಿದ ಚೀಲ ಹೊತ್ತುಕೊಂಡು ಯಾರು ಊರು ಬಿಡುತ್ತಾರೆ. ಗಂಡ ಸತ್ತ ವರ್ಷ ಇದೇ ಚೀಲ ಹಿಡಿದುಕೊಂಡು ಬಂದವಳು, ಬಾಗಿಲಲ್ಲಿ ನಿಂತು ಅಣ್ಣ, ಸ್ವಲ್ಪ ದಿನ, ಅಂದವಳು, ಸ್ವಲ್ಪ ದಿನ ಯಾಕೆ ಕಣೇ, ಇದು ನಿನ್ನ ಮನೆ ಅಲ್ವಾ, ಅಂದವನು ತಾನೇ, ಆಗ ಅವನ ಹೆಂಡತಿ ಒಲೆ ಮುಂದಿನಿಂದ ಎದ್ದು ಬಂದು ಚೀಲವನ್ನು ಅವಳ ಕೈಯಿಂದ ಕಿತ್ತುಕೊಂಡು ಒಳಗಿಟ್ಟಿದ್ದಳು, ಈಗ ಅದೇ ಹೆಂಡತಿ ಒಲೆ ಮುಂದೆ ಬೆನ್ನು ಹಾಕಿ ನಿಂತು ಪಾತ್ರೆಗಳನ್ನು ಬೇಕೆಂದೇ ಕುಕ್ಕಿ ಕುಕ್ಕಿ ಇಡುತ್ತಿದ್ದಾಳೆ, ಆ ಕುಕ್ಕುವ ಸದ್ದು ತಂಗಿಗೆ ಅಲ್ಲ, ತನಗೆ, ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಯಾವ ಪಾತ್ರೆ ಯಾರಿಗೆ ಬೈಯುತ್ತಿದೆ ಅಂತ ಗೊತ್ತಾಗುವುದಿಲ್ಲವೆ.

ನಾನು ಕೇಳ್ತಿರೋದು ಒಂದೇ, ಅನ್ನುತ್ತಾಳೆ ತಂಗಿ, ಚಪ್ಪಲಿ ಮೆಟ್ಕೊ, ಯಜಮಾನರ ಮನೆ ಎರಡು ಬೀದಿ ಆಚೆ, ಇವತ್ತು ರಜಾ, ಮನೇಲೇ ಇರ್ತಾರೆ, ಬಾ, ನನ್ನ ತಂಗಿ ಸರಿಯಾಗೇ ಹೇಳಿದ್ಲು, ನಾನೇ ಕೇಳಲಿಲ್ಲ ಅಂತ ಒಂದು ಮಾತು ಹೇಳು, ನಾನು ಬಂದು ಈ ಚೀಲ ಬಿಚ್ಚಿಡ್ತೀನಿ — ಒಂದು ಮಾತು. ಒಂದು ಮಾತಂತೆ. ಮಾತಿಗೇನು ಬರವೆ ಅವನ ಬಾಯಲ್ಲಿ, ಪಿಂಗಾಣಿ ಕಾರ್ಖಾನೆಯ ಅಂಗಳದಲ್ಲಿ ನಿಂತು ಕೂಗಿದರೆ ಮಣ್ಣು ಕಲಸುವವರ ಕೈ ನಿಲ್ಲುತ್ತದೆ, ಹಿಂದಿನಿಂದ ಎಲ್ಲರೂ ಕೆಂಡ ಅಂತ ಕರೆಯುತ್ತಾರೆ, ಕೆಂಡ ಬಂತು, ಕೆಂಡ ಊಟಕ್ಕೆ ಹೋಯಿತು, ಅವನಿಗೂ ಗೊತ್ತು, ಗೊತ್ತಿದ್ದೂ ಒಳಗೊಳಗೇ ಖುಷಿ, ಯಾಕೆಂದರೆ ಕೆಂಡ ಅಂದರೆ ಮುಚ್ಚುಮರೆ ಇಲ್ಲದ್ದು, ಒಳಗೊಂದು ಹೊರಗೊಂದು ಇಲ್ಲದ್ದು. ತಾನು ಓದಿದ್ದು ಹಳ್ಳಿ ಶಾಲೆ, ಮೇಷ್ಟ್ರು ಒಬ್ಬರೇ, ತರಗತಿ ಏಳೂ ಒಂದೇ ಕೋಣೆಯಲ್ಲಿ, ಅಲ್ಲಿ ಕಲಿತದ್ದು ಹೌದಾದರೆ ಹೌದು, ಇಲ್ಲವಾದರೆ ಇಲ್ಲ, ನಡುವೆ ಇನ್ನೊಂದು ಇರುತ್ತದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ಆ ಹೆಂಗಸು ಬರುವವರೆಗೆ.

ಆ ಹೆಂಗಸು. ಪಾತ್ರೆ ಕೊಳ್ಳುವ ಕಂಪನಿಯವರು ಕಳಿಸಿದವಳು, ಹೊಸ ಜೇಡಿಮಣ್ಣು, ಹೊಸ ಮೆರುಗು, ಎರಡನ್ನೂ ಡಬ್ಬಗಳಲ್ಲಿ ಹಾಕಿಕೊಂಡು ಇಳಿದವಳು, ಅರವತ್ತು ದಾಟಿದ ಎತ್ತರದ ಇಂಗ್ಲಿಷ್ ಹೆಂಗಸು, ಮೊಣಕೈವರೆಗೂ ಮಣ್ಣು ಮಾಡಿಕೊಂಡು ಕೆಲಸ ಮಾಡುವವಳು, ಅದರ ಬಗ್ಗೆ ತಕರಾರಿಲ್ಲ, ಕೆಲಸ ಬಲ್ಲವಳು ಅಂತ ಅವನೇ ಮೊದಲ ದಿನ ಒಪ್ಪಿದ್ದ, ಆದರೆ ಮಾತು, ಅದೇನು ಮಾತು, ಇಂಗ್ಲಿಷ್ ಬಿಟ್ಟು ಬೇರೆ ಬಾರದು, ಅದರಲ್ಲೂ ನೇರವಾಗಿ ಒಂದು ಮಾತು ಬಾರದು. ತಂಗಿಯನ್ನು ನಡುವೆ ನಿಲ್ಲಿಸಿದ್ದು ಅದಕ್ಕೇ, ಮೆರುಗು ಹಚ್ಚುವ ಸಾಲಿನಲ್ಲಿ ಕೂತಿದ್ದವಳನ್ನು ಯಜಮಾನರೇ ಎಬ್ಬಿಸಿದ್ದು, ನಿನಗೆ ಇಂಗ್ಲಿಷ್ ಬರುತ್ತಂತಲ್ಲಮ್ಮ, ಯಜಮಾನರಿಗೂ ಬರುವುದಿಲ್ಲ, ಅವರಿಗೆ ಲೆಕ್ಕ ಬರುತ್ತದೆ, ಸಿಟ್ಟು ಬರುತ್ತದೆ, ಅಷ್ಟೇ. ಆ ಹೆಂಗಸು ಹಲಗೆಯ ಮೇಲೆ ಬಟ್ಟಲು ಜೋಡಿಸುವುದನ್ನು ನೋಡುತ್ತ ನಿಂತಿರುತ್ತಾಳೆ, ತಲೆ ಒಂದು ಕಡೆ ಓರೆ ಮಾಡುತ್ತಾಳೆ, ಕೆಳತುಟಿ ಕಚ್ಚುತ್ತಾಳೆ, ಆಮೇಲೆ ಪಾರಿವಾಳ ಗುಟುರಿದ ಹಾಗೆ ವುಡ್, ವುಡ್ ಅಂತ ಏನೋ, ಏನಂತೆ, ಅಂದರೆ ತಂಗಿ ಹೇಳುತ್ತಾಳೆ, ತಾನಾಗಿದ್ರೆ ಅಷ್ಟು ಒತ್ತಾಗಿ ಇಡ್ತಿದ್ದೆನೋ ಇಲ್ವೋ ಗೊತ್ತಿಲ್ಲ ಅಂತಿದಾರೆ. ಗೊತ್ತಿಲ್ಲವೆ? ಗೊತ್ತಿಲ್ಲದವಳು ಇಷ್ಟು ದೂರದಿಂದ ಯಾಕೆ ಬಂದಳು? ಅವಳೇ ಇಡಬೇಕು ಅಂತ ಯಾರು ಹೇಳಿದರು, ಇಡುವವನು ನಾನು, ನಾನಾಗಿದ್ದರೆ ಅಂತ ನನ್ನ ಚರ್ಮದೊಳಗೆ ಬಂದು ಕೂತು, ಅಲ್ಲಿ ಕೂತುಕೊಂಡು ಅನುಮಾನ ಪಡುವುದು ಎಂಥ ಕಸುಬು — ಅಂದಿದ್ದ, ಸುತ್ತ ಇದ್ದವರೆಲ್ಲ ನಕ್ಕಿದ್ದರು, ಆ ಹೆಂಗಸೂ ನಕ್ಕಿದ್ದಳು ಏನೂ ಅರ್ಥವಾಗದೆ, ಅವತ್ತಿನಿಂದ ಅವಳ ಹೆಸರು ಅನುಮಾನದಮ್ಮ.

ಅನುಮಾನದಮ್ಮ ಬಂದ ಮೇಲೆ ಕಾರ್ಖಾನೆಗೆ ಒಂದು ಆಟ ಸಿಕ್ಕಿತು, ಚಹಾ ತಂದವನ ಮುಂದೆ ಮಣ್ಣು ಕಲಸುವವನು ತಲೆ ಓರೆ ಮಾಡಿ, ನಾನಾಗಿದ್ರೆ ಈ ಚಹಾ ಕುಡೀತಿದ್ದೆನೋ ಏನೋಪ್ಪ, ಅನ್ನುತ್ತಿದ್ದ, ತಿಗುರಿ ತಿರುಗಿಸುವ ಮುದುಕ ತನ್ನ ಹೆಂಡತಿಯ ಬಗ್ಗೆ, ನಾನಾಗಿದ್ರೆ ನನ್ನನ್ನ ಮದುವೆ ಆಗ್ತಿದ್ದೆನೋ ಅನುಮಾನ, ಅಂದು ಎಲ್ಲರನ್ನೂ ಬಿದ್ದು ಬಿದ್ದು ನಗಿಸಿದ್ದ, ನಕ್ಕವರಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ತಾನು. ತಂಗಿ ಮಾತ್ರ, ನಗಬೇಡ ಅಣ್ಣ, ಅದು ಅನುಮಾನ ಅಲ್ಲ, ಅವರು ಬೇಡ ಅನ್ನೋದೇ ಹಾಗೆ, ಅಂದಿದ್ದಳು. ಹೇಳಿದ್ದಳು. ಬೆಂಚಿನ ಕಥೆ ಹೇಳಿದ್ದು ಅವತ್ತೇ, ಇದೇ ಅಡುಗೆಮನೆಯಲ್ಲಿ, ಇದೇ ಮೇಜಿನ ಮುಂದೆ — ಅವಳು ಗಂಡನ ಊರಲ್ಲಿ ಒಬ್ಬ ಇಂಗ್ಲಿಷ್ ಮುದುಕಿಯನ್ನು ನೋಡಿಕೊಳ್ಳುತ್ತಿದ್ದಳಲ್ಲ, ಆ ಮುದುಕಿ ಒಂದು ದಿನ ಉದ್ಯಾನದಲ್ಲಿ, ನಾನಾಗಿದ್ದರೆ ಅಲ್ಲಿ ಕೂರುತ್ತಿದ್ದೆನೋ ಅನುಮಾನ ಕಣೆ, ಅಂದಳಂತೆ, ಇವಳು, ಪಾಪ ಮುದುಕಿಗೆ ಮೊಣಕಾಲು ನೋವು, ಅವಳಿಗೆ ಎತ್ತರ ಆಗಬಹುದು, ನನಗೇನು, ಅಂತ ಧಡಕ್ಕನೆ ಕೂತಳಂತೆ, ಎದ್ದರೆ ಹಿಂಭಾಗದ ತುಂಬ ಹಸಿರು ಪಟ್ಟೆ, ಬೆಂಚಿಗೆ ಆಗ ತಾನೇ ಬಣ್ಣ ಬಳಿದಿದ್ದರಂತೆ, ಮುದುಕಿ ಗಾಬರಿಯಾಗಿ, ನಾನು ಹೇಳಿದೆನಲ್ಲ, ಹೇಳಿದೆನಲ್ಲ, ಅನ್ನುತ್ತಿದ್ದಳಂತೆ. ಅವನು ಮೇಜಿನ ಮೇಲೆ ಕೈ ಬಡಿದು ನಕ್ಕಿದ್ದ, ಕಣ್ಣಲ್ಲಿ ನೀರು ಬಂದಿತ್ತು, ಆಮೇಲೆ ವಾರಗಟ್ಟಲೆ ತಂಗಿ ಎಲ್ಲಿ ಕೂರಲು ಹೋದರೂ, ಬಣ್ಣ ಒಣಗಿದೆಯಾ ನೋಡ್ಕೊಳೆ, ಅನ್ನುತ್ತಿದ್ದ, ಅಂದರೆ ಕಥೆ ಅವನಿಗೆ ಅರ್ಥವಾಗಿತ್ತು, ಅರ್ಥವಾಗದೆ ಯಾರಾದರೂ ಅಷ್ಟು ನಗುತ್ತಾರೆಯೆ, ಅದೇ, ಅದೇ ಈಗ ಮುಳ್ಳಿನ ಹಾಗೆ, ಗೊತ್ತಿರಲಿಲ್ಲ ಅನ್ನುವ ಬಾಗಿಲು ಅವನೇ ನಕ್ಕು ನಕ್ಕು ಮುಚ್ಚಿಕೊಂಡಿದ್ದಾನೆ.

ತಂಗಿ ಜಿಪ್ಪು ಬಿಟ್ಟಳು, ಒಲೆಯ ಕಡೆ ನೋಡಿದಳು, ಅತ್ತಿಗೆ, ನನ್ನ ಛತ್ರಿ ಎಲ್ಲಿಟ್ರಿ, ಹೆಂಡತಿ ಬೆನ್ನು ತಿರುಗಿಸದೆ, ಬಾಗಿಲ ಹಿಂದಿದೆ, ಮೊದಲು ಚಹಾ ಕುಡಿ, ಈ ಬಸ್ಸು ಹೋದ್ರೆ ಇನ್ನೊಂದು ಬರುತ್ತೆ, ಅನ್ನುತ್ತಾಳೆ, ಮೇಜಿನ ಮೇಲೆ ಬಟ್ಟಲು ಇಡುತ್ತಾಳೆ, ಬಿಳಿ ಬಟ್ಟಲು, ಅದನ್ನು ಕಂಡೊಡನೆ ಅವನ ಕಣ್ಣು ಪಕ್ಕಕ್ಕೆ ಹೊರಳುತ್ತದೆ, ಪಿಂಗಾಣಿ ಸುಡುವ ಆ ಗೂಡಿನದೇ, ಬಿಸಾಡಬೇಕಾದ ರಾಶಿಯಿಂದ ಹೆಂಡತಿ ಎತ್ತಿಕೊಂಡು ಬಂದದ್ದು, ಸೋರದಿದ್ದರೆ ಆಯ್ತು, ಮನೆಗೆ ಸಾಕು, ಎಂದಿದ್ದಳು, ಮನೆಗೆ ಸಾಕು — ಗೂಡು ತಣಿಯುತ್ತಿತ್ತು ಆವತ್ತು, ಮೊನ್ನೆ, ಬೆಳಗಿನ ಬಿಸಿಲು ಇಟ್ಟಿಗೆಗಳ ಮೇಲೆ, ಒಳಗಿನ ಬಿಸಿ ಯಾವುದು ಹೊರಗಿನದು ಯಾವುದು ಅಂತ ಗೊತ್ತಾಗದ ಹಾಗೆ. ಗೂಡಿನ ಬಾಯಿಯನ್ನು ಇಟ್ಟಿಗೆ ಜೋಡಿಸಿ ಮಣ್ಣು ಮೆತ್ತಿ ಮುಚ್ಚುತ್ತಾರೆ, ಸುಟ್ಟ ಮೇಲೆ ತಣಿಯಲು ಬಿಡುತ್ತಾರೆ, ತೆರೆಯುವ ಹೊತ್ತನ್ನು ಹೇಳುವವನು ಮೇಸ್ತ್ರಿ, ಮೊದಲ ಇಟ್ಟಿಗೆಯನ್ನು ಬರಿಗೈಯಲ್ಲಿ ಕೀಳುವವನು ಮೇಸ್ತ್ರಿ, ಅವನಿಗಿಂತ ಮುಂಚಿನ ಮೇಸ್ತ್ರಿಯೂ ಹಾಗೇ, ಅದಕ್ಕೂ ಮುಂಚಿನವನೂ, ಬರಿಗೈ ಅಂದರೆ ಬರಿಗೈ, ಕೀಳುವಾಗ ಮುಖದಲ್ಲಿ ಒಂದು ಗೆರೆ ಬೀಳಬಾರದು, ಎಲ್ಲ ಕೆಲಸ ಬಿಟ್ಟು ಬಂದು ನಿಂತು ನೋಡುತ್ತಾರೆ, ಇಟ್ಟಿಗೆ ಕೆಳಗಿಟ್ಟು ಅವನು ಕೈ ಕೊಡವಿದರೆ ಹೋ ಅನ್ನುತ್ತಾರೆ. ಅನುಮಾನದಮ್ಮನೂ ನೋಡಲಿ ಅಂತ ಇತ್ತು. ಇತ್ತು, ಅದನ್ನು ಈಗ ಯಾರ ಮುಂದೆ ಮುಚ್ಚಿಡುವುದು, ಇಷ್ಟು ದಿನ ತಲೆ ಓರೆ ಮಾಡಿ ತುಟಿ ಕಚ್ಚಿ ನೋಡಿದಳಲ್ಲ, ಈ ಕೈಯನ್ನೂ ಒಮ್ಮೆ ನೋಡಲಿ.

ನೋಡುವ ಕಿಂಡಿಯ ಬಿರಡೆ ತೆಗೆದು ಕಾಗದದ ಚೂರು ಒಳಗೆ ತೂರಿಸಿದ, ಅದೇ ಅವನ ಪರೀಕ್ಷೆ, ಹಳೆಯ ಪತ್ರಿಕೆಯ ಪಟ್ಟಿ, ಹೊತ್ತಿಕೊಂಡರೆ ಮುಟ್ಟಬೇಡ, ಬರೀ ಕಂದಾದರೆ ತೆಗೆ, ಹಳೆಯ ಮಣ್ಣಿಗೆ ಆ ಪರೀಕ್ಷೆ ಎಂದೂ ಸುಳ್ಳಾಗಿರಲಿಲ್ಲ, ಕಾಗದ ಕಂದಾಗಿ ಬಂತು, ಅಂಚು ಮಾತ್ರ ಸ್ವಲ್ಪ ಕಪ್ಪು. ಹಳೆಯ ಮಣ್ಣು ಒರಟು, ತಾಳಿಕೊಳ್ಳುತ್ತದೆ, ಗಾಳಿ ನುಗ್ಗಿದರೂ ತಾಳಿಕೊಳ್ಳುತ್ತದೆ, ಹೊಸದು ಹಾಗಲ್ಲ, ತೆಳು, ನುಣುಪು, ಬೆಳಕಿಗೆ ಹಿಡಿದರೆ ಬೆರಳು ಕಾಣುವಷ್ಟು, ಬಿಸಿಯಿದ್ದಾಗ ತಣ್ಣನೆ ಗಾಳಿ ಬಡಿದರೆ ಒಳಗೇ ಬಿರುಕು ಬಿಡುತ್ತದೆ ಅಂತ ತಂಗಿಯ ಬಾಯಲ್ಲಿ ಆ ಹೆಂಗಸು ಮೊದಲೇ ಹೇಳಿಸಿದ್ದಳು, ಅವನು ಹೂಂ ಅಂದಿದ್ದ, ಹೂಂ ಅನ್ನುವುದು ಸುಲಭ. ಕಾಗದ ನೋಡಿ ಆ ಹೆಂಗಸು ತಲೆ ಓರೆ ಮಾಡಿದಳು, ಕೆಳತುಟಿ ಕಚ್ಚಿದಳು, ಐ ಡೌಟ್ ಐ ವುಡ್, ಅಂದಳು, ಮೆಲ್ಲಗೆ, ಕ್ಷಮೆ ಕೇಳುವ ಹಾಗೆ. ತಂಗಿ ಅವನ ಹತ್ತಿರ ಬಂದಳು, ಹತ್ತಿರ, ಬೇರೆಯವರಿಗೆ ಕೇಳಿಸಬಾರದು ಅಂತ, ಅವನ ಮರ್ಯಾದೆ ಹೋಗಬಾರದು ಅಂತ, ಮೆಲ್ಲಗೆ — ಅಣ್ಣ, ತಾನಾಗಿದ್ರೆ ಈಗ ತೆಗೀತಿದ್ದೆನೋ ಇಲ್ವೋ ಅಂತಿದಾರೆ, ಅಂದ್ರೆ ತೆಗೀಬೇಡ ಅಂತ, ನಾಳೆವರೆಗೂ ಬಿಡು, ಬೆಂಚು ನೆನಪಿದೆ ತಾನೆ. ಬೆಂಚು ನೆನಪಿದೆ ತಾನೆ ಅಂದಳು. ಕೇಳಿಸಿತು. ಎಲ್ಲ ಕೇಳಿಸಿತು, ಕಿವಿಗೆ ಹತ್ತಿರದಲ್ಲಿ, ಅವಳ ಉಸಿರು ಸಹ. ಅವನ ಸುತ್ತ ಎಲ್ಲರೂ ಬಂದು ನಿಂತಾಗಿತ್ತು, ತಿಗುರಿಯ ಮುದುಕ ನಗುತ್ತ, ಏನ್ ಮೇಸ್ತ್ರಿ, ನೀವಾಗಿದ್ರೆ ತೆಗೀತೀರೋ ಇಲ್ವೋ, ಅಂದ, ನಗು ಎದ್ದಿತು, ಆ ನಗು ಎದ್ದೊಡನೆ ಅವನ ಕೈ ಮುಂದೆ ಹೋಯಿತು, ತೆಗೀಬಾರದು ಅಂತಿದ್ರೆ ತೆಗೀಬಾರದು ಅಂತ ಹೇಳಲಿ, ನಾನು ಗೂಡಿನ ಮೇಸ್ತ್ರಿ, ಅವಳ ಅನುಮಾನಕ್ಕೆ ನಾನು ಕಾಯೋದಾ, ಅಂದ, ಮೊದಲ ಇಟ್ಟಿಗೆ ಕಿತ್ತ, ಮುಖದಲ್ಲಿ ಗೆರೆ ಬೀಳಲಿಲ್ಲ, ಎಲ್ಲರೂ ಹೋ ಅಂದರು, ತಂಗಿ ಅನ್ನಲಿಲ್ಲ, ತಂಗಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ಮೊದಲ ಬಟ್ಟಲು ಹಿಡಿದು ಬೆಳಕಿಗೆ ತಂದ, ಬಿಳಿ, ಎಂಥ ಬಿಳಿ, ಅದರ ಅಂಚಿನಿಂದ ಕೆಳಗೆ ಒಂದು ಕೂದಲು ಅಂಟಿಕೊಂಡಿತ್ತು, ತನ್ನದೇ ಇರಬೇಕು ಅಂದುಕೊಂಡ, ಬೆವರಿದ ತಲೆ, ಹೆಬ್ಬೆರಳಿನಿಂದ ಒರೆಸಿದ, ಹೋಗಲಿಲ್ಲ, ಉಗುರಿನಿಂದ ತಳ್ಳಿದ, ಹೋಗಲಿಲ್ಲ. ಆಗ ಟಿಣ್ ಅಂತ ಕೇಳಿಸಿತು ಗೂಡಿನ ಒಳಗಿನಿಂದ, ಯಾರೋ ಉಗುರಿನಿಂದ ಲೋಟ ತಟ್ಟಿದ ಹಾಗೆ, ಸಣ್ಣಗೆ, ಚೆಂದವಾಗಿಯೇ, ಆಮೇಲೆ ಇನ್ನೊಂದು ಕಡೆಯಿಂದ ಟಿಣ್, ಆಮೇಲೆ ಬಿಡುವಿಲ್ಲದೆ, ಹಲಗೆ ಹಲಗೆಯಿಂದ, ಟಿಣ್ ಟಿಣ್ ಟಿಣ್, ಎಲ್ಲರೂ ನಿಂತು ಕೇಳುತ್ತಿದ್ದರು, ಇಟ್ಟಿಗೆ ತಿರುಗಿ ಮುಚ್ಚಿ, ಮುಚ್ಚಿ, ಎಂದು ಯಾರೋ ಕೂಗಿದರು, ಕೂಗಿದ್ದು ತಾನೇ ಇರಬೇಕು, ಮುಚ್ಚಿದರೆ ಏನು ಬಂತು, ಕೈಯಲ್ಲಿ ಆ ಬಟ್ಟಲು, ಹೆಬ್ಬೆರಳು ಇನ್ನೂ ಆ ಕೂದಲನ್ನು, ಕೂದಲಲ್ಲದ ಆ ಬಿರುಕನ್ನು, ಒರೆಸುತ್ತಲೇ ಇತ್ತು. ಅನುಮಾನದಮ್ಮ ಬಂದು ಅವನ ಪಕ್ಕ ನಿಂತಳು, ಅವನ ಕೈ ನೋಡಿದಳು, ಬೆರಳ ತುದಿ ಕೆಂಪಾಗಿ ಬೊಬ್ಬೆ ಏಳುತ್ತಿತ್ತು, ನೀರಿನ ಬಕೆಟ್ಟು ಎಳೆದು ತಂದು ಅವನ ಮುಂದಿಟ್ಟಳು — ಅದನ್ನು ಇಡುವಾಗ ಅವಳು ಅನುಮಾನ ಪಡಲಿಲ್ಲ.

ನಿನ್ನೆ. ನಿನ್ನೆ ಅಂತ ಇತ್ತಲ್ಲ ಒಂದು ದಿನ, ಪಾತ್ರೆ ಕಟ್ಟುವ ಕೋಣೆ, ಹುಲ್ಲಿನ ವಾಸನೆ, ಪೆಟ್ಟಿಗೆಗಳು ಖಾಲಿ, ಬಾಯಿ ತೆರೆದುಕೊಂಡು, ಯಜಮಾನರು ಒಂದು ಪೆಟ್ಟಿಗೆಯ ಮೇಲೆ ಕೂತಿದ್ದಾರೆ, ಎದುರಿಗೆ ಅವನು, ಆ ಕಡೆ ಅನುಮಾನದಮ್ಮ, ನಡುವೆ ಯಾವತ್ತಿನ ಹಾಗೆ ತಂಗಿ. ಯಜಮಾನರು ಕೂಗಾಡಲಿಲ್ಲ, ಕೂಗಾಡಿದ್ದರೆ ಅವನೂ ಕೂಗಾಡುತ್ತಿದ್ದ, ಹೌದ್ರೀ, ನಾನೇ ತೆಗೆದದ್ದು, ಏನೀಗ, ಅನ್ನುತ್ತಿದ್ದ, ಅನ್ನುತ್ತಿದ್ದನೆ? ಅವರು ಬಟ್ಟಲೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತ ಮೆಲ್ಲಗೆ ಕೇಳಿದರು, ಮೇಸ್ತ್ರಿ, ಆ ಅಮ್ಮ ನಿಮಗೆ ತೆಗೀಬೇಡಿ ಅಂತ ಹೇಳಿದ್ರಾ ಇಲ್ವಾ, ಅಷ್ಟು ಹೇಳಿ. ಹೌದು, ಇಲ್ಲ, ಎರಡರಲ್ಲಿ ಒಂದು, ಹಳ್ಳಿ ಶಾಲೆಯ ಒಂದೇ ಕೋಣೆಯಲ್ಲಿ ಕಲಿತದ್ದು, ನಾಲಿಗೆಯ ಮೇಲೆ ಹೌದು ಅನ್ನುವುದು ಬಂದು ಕೂತಿತ್ತು ಕೂಡ, ಆಗ ಮೆರುಗು ಹಚ್ಚುವ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ತಿಗುರಿಯ ಮುದುಕ ಕಿಟಕಿಯಲ್ಲಿ, ಎಲ್ಲರ ಕಣ್ಣು ಅವನ ಕೈಯ ಬಟ್ಟೆ ಸುತ್ತಿದ ಬೆರಳಿನ ಮೇಲೆ, ಆ ಕಣ್ಣುಗಳು — ಬಾಯಿ ತೆರೆದ, ಬಂದ ದನಿ ಅವನದಲ್ಲ, ತೆಳು, ನುಣುಪು, ಹೊಸ ಮಣ್ಣಿನ ಹಾಗೆ, ಅವರೇನೋ ಅಂದ್ರು ಯಜಮಾನ್ರೇ, ನಮಗೆ ಆ ಭಾಷೆ ಎಲ್ಲಿ ಬರಬೇಕು, ಇವಳು ಏನೋ ಹೇಳಿದ್ಲು, ಅದು ನನಗೆ ಹಾಗೆ ತಿಳೀಲಿಲ್ಲ, ಇವಳು ಸರಿಯಾಗಿ ಬಿಡಿಸಿ ಹೇಳಿದ್ರೆ ನಾನು ತೆಗೀತಿದ್ದೆನೋ ಇಲ್ವೋ.

ತೆಗೀತಿದ್ದೆನೋ ಇಲ್ವೋ. ತಾನು. ಕೆಂಡ. ಜನ್ಮದಲ್ಲಿ ಒಂದು ಸಲವೂ ಹಾಗೆ ಮಾತಾಡದವನು, ತಿಂಗಳುಗಟ್ಟಲೆ ಆ ಮಾತಿನ ಧಾಟಿಯನ್ನೇ ಹಿಡಿದು ಎಲ್ಲರನ್ನೂ ನಗಿಸಿದವನು, ಬೇಕಾದ ಹೊತ್ತಿಗೆ ಅದರ ಕೆಳಗೇ ಹೋಗಿ ಅಡಗಿಕೊಂಡ, ಮಳೆ ಬಂದಾಗ ತಾನೇ ಬೈದವರ ಸೂರಿನ ಕೆಳಗೇ ನಿಂತ ಹಾಗೆ. ಆ ಇಂಗ್ಲಿಷ್ ಹೆಂಗಸರು ಅನುಮಾನದ ಬಟ್ಟೆ ಹೊದಿಸಿ ನಿಜ ಹೇಳುತ್ತಾರೆ, ಎದುರಿಗಿರುವವನಿಗೆ ನೋಯದಿರಲಿ ಅಂತ, ಬೆಂಚಿನ ಮುದುಕಿ, ಈ ಅಮ್ಮ, ಒಬ್ಬರಾದರೂ ಅದರಲ್ಲಿ ಸುಳ್ಳು ಸುತ್ತಿಟ್ಟಿರಲಿಲ್ಲ, ಸುತ್ತಿಟ್ಟವನು ತಾನು, ಮೊದಲ ಸಲ ಹೊದ್ದಾಗಲೇ. ತಂಗಿ ಅವನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಮುಖದಲ್ಲಿ, ಸಿಟ್ಟಿದ್ದರೆ ಒಳ್ಳೆಯದಿತ್ತು, ಚಿಕ್ಕಂದಿನಲ್ಲಿ ಅವನು ಒಡೆದ ಮಡಕೆಗೆ ಅಮ್ಮನ ಮುಂದೆ ಅವಳ ಹೆಸರು ಹೇಳಿದಾಗ ಹೀಗೇ ನೋಡಿದ್ದಳು, ಅಲ್ಲ, ಅದು ನೆನಪೋ ಅಥವಾ ಈಗ ಕಟ್ಟಿಕೊಂಡದ್ದೋ. ಅವಳು ಅವನು ಹೇಳಿದ್ದನ್ನು ಆ ಹೆಂಗಸಿಗೆ ಇಂಗ್ಲಿಷಿನಲ್ಲಿ ಹೇಳಿದಳು, ಪೂರ್ತಿ ಹೇಳಿದಳು, ತನ್ನ ಮೇಲಿನ ದೂರನ್ನು ತಾನೇ, ಒಂದು ಅಕ್ಷರ ಬಿಡದೆ, ಅದು ಅವಳ ಕೆಲಸ. ಆ ಹೆಂಗಸು ತಲೆ ಓರೆ ಮಾಡಿದಳು, ತುಟಿ ಕಚ್ಚಲಿಲ್ಲ ಈ ಸಲ, ಅವನನ್ನೇ ನೆಟ್ಟಗೆ ನೋಡುತ್ತ, ಐ ಡೌಟ್ ಐ ವುಡ್ ಸೇ ದಟ್, ಅಂದಳು. ನಾನಾಗಿದ್ದರೆ ಹಾಗೆ ಹೇಳುತ್ತಿದ್ದೆನೋ ಅನುಮಾನ. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ ಅವನಿಗೆ, ಏಳನೆಯ ತರಗತಿಯವನಿಗೆ, ಜೀವಮಾನದಲ್ಲಿ ಮೊದಲ ಸಲ ಒಂದು ಇಂಗ್ಲಿಷ್ ಮಾತು ನೇರವಾಗಿ ಎದೆಯೊಳಗೆ ಇಳಿದಿತ್ತು, ನೀನು ಸುಳ್ಳು ಹೇಳುತ್ತಿದ್ದೀಯ ಅಂತ, ನಿನ್ನ ತಂಗಿ ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಅಂತ. ಏನಂತಾರಮ್ಮ ಅವರು, ಎಂದರು ಯಜಮಾನರು. ತಂಗಿ ಅವನನ್ನು ನೋಡಿದಳು, ಕಾದಳು, ಬಾಗಿಲ ಹೆಂಗಸರು ಕಾದರು, ಒಂದು ಹುಲ್ಲುಕಡ್ಡಿ ಪೆಟ್ಟಿಗೆಯಿಂದ ಜಾರಿ ನೆಲಕ್ಕೆ ಬಿತ್ತು, ಹೇಳು, ನೀನೇ ಹೇಳು, ನಾನು ಹೇಳುವ ಮುಂಚೆ ನೀನು ಹೇಳಿದರೆ ನಿನ್ನ ಮಾನ ಉಳಿಯುತ್ತದೆ, ಅಂತ ಆ ಕಣ್ಣು, ಅವನು ಬೆರಳಿನ ಬಟ್ಟೆಯನ್ನು ಬಿಗಿ ಮಾಡಿಕೊಳ್ಳತೊಡಗಿದ, ಸಡಿಲವಾಗಿರದ ಬಟ್ಟೆಯನ್ನು. ಏನೂ ಇಲ್ಲ ಯಜಮಾನ್ರೇ, ಅಂದಳು ತಂಗಿ, ಆದದ್ದಕ್ಕೆ ಬೇಜಾರು ಅಂತಾರೆ. ಆ ಹೆಂಗಸು ಇಬ್ಬರನ್ನೂ ನೋಡಿದಳು, ಏನೂ ಅರ್ಥವಾಗದೆ, ಅಥವಾ ಎಲ್ಲ ಅರ್ಥವಾಗಿ. ಸರಿಯಮ್ಮ, ಬರದ ಭಾಷೆ ಬರುತ್ತೆ ಅಂತ ಯಾಕೆ ಒಪ್ಕೊಂಡೆ, ನಾಳಿದ್ದಿನಿಂದ ಬರೋದು ಬೇಡ, ಅಂದರು ಯಜಮಾನರು, ಬಾಗಿಲ ಹೆಂಗಸರಲ್ಲಿ ಒಬ್ಬಳು ಚ್ಚ್ ಅಂದಳು, ಹತ್ತು ವರ್ಷ ಅಲ್ಲಿ ಇಂಗ್ಲಿಷ್ ಮುದುಕಿಯ ಕೈ ಹಿಡಿದು ನಡೆಸಿ ಕಲಿತ ಮಾತು, ಅವಳಿಗೆ ಇದ್ದ ಒಂದೇ ಆಸ್ತಿ, ಅದು ಸುಳ್ಳು ಅಂತ ಅಣ್ಣನೇ ನಾಲ್ಕು ಜನರ ಮುಂದೆ ಸಾರಿದ.

ಚಹಾ ಆರುತ್ತಿದೆ, ಅವಳು ಎರಡು ಗುಟುಕು ಕುಡಿದಿದ್ದಾಳೆ, ಬಟ್ಟಲು ಕೆಳಗಿಟ್ಟಿದ್ದಾಳೆ, ಜಿಪ್ಪಿನ ಬಟ್ಟೆ ಕಂಡಿದೆ, ಬಿಡಿಸಿದ್ದಾಳೆ, ಕಿರ್ ಎಂದು ಒಂದೇ ಸಲಕ್ಕೆ ಮುಚ್ಚಿಕೊಂಡಿತು. ರೀ, ಚಪ್ಪಲಿ ಮೆಟ್ಕೊಳ್ರಿ, ಅಂದಳು ಹೆಂಡತಿ, ಈಗ ತಿರುಗಿ ನಿಂತಿದ್ದಾಳೆ, ಕೈಯಲ್ಲಿ ಸೌಟು, ಮೂವತ್ತು ವರ್ಷ ನಿಮ್ಮ ಕೂಗಾಟ ಕೇಳಿದ್ದೀನಿ, ಅದು ಧೈರ್ಯ ಅಂದ್ಕೊಂಡಿದ್ದೆ ನಾನು. ಮುಚ್ಚೇ ಬಾಯಿ, ಅಂದ, ಅಂದನೋ ಅನ್ನಬೇಕು ಅಂದುಕೊಂಡನೋ, ಎದ್ದ, ಬಾಗಿಲ ಹತ್ತಿರ ಹೋದ, ಬಲಗಾಲು ಚಪ್ಪಲಿಯೊಳಗೆ ತೂರಿತು, ತಂಗಿಯ ಮುಖ ಸ್ವಲ್ಪ ಮೇಲೆದ್ದಿತು, ಚೀಲದ ಹಿಡಿಕೆ ಬಿಟ್ಟಿತು ಅವಳ ಕೈ, ಎರಡು ಬೀದಿ, ಮೂಲೆಯ ಕ್ಷೌರದ ಅಂಗಡಿ, ಅದರ ಮುಂದೆ ರಜಾ ದಿನ ತಿಗುರಿಯ ಮುದುಕ ಕೂತಿರುತ್ತಾನೆ, ಏನ್ ಮೇಸ್ತ್ರಿ, ತಂಗೀನ ಕರ್ಕೊಂಡು ಎಲ್ಲಿಗೆ, ಅನ್ನುತ್ತಾನೆ, ಯಜಮಾನರ ಮನೆಯ ಮೆಟ್ಟಿಲು, ಗಂಟೆ ಒತ್ತಬೇಕು, ಅವರ ಹೆಂಡತಿ ಬಾಗಿಲು ತೆಗೆಯುತ್ತಾಳೆ, ಸೊಸೆ ಇರುತ್ತಾಳೆ, ಅವರೆಲ್ಲರ ಮುಂದೆ, ನಾನು ಸುಳ್ಳು ಹೇಳಿದೆ ಅಂತ, ನಾಳೆ ಅಂಗಳದಲ್ಲಿ ನಿಂತು ಕೂಗಿದರೆ ಯಾರ ಕೈ ನಿಲ್ಲುತ್ತದೆ — ಎಡಗಾಲು ನೆಲದ ಮೇಲೇ ಇದೆ, ತಣ್ಣಗೆ, ಎಡಗಾಲಿನ ಚಪ್ಪಲಿ ಅಲ್ಲೇ ಇದೆ, ಬಗ್ಗಿದರೆ ಸಿಗುತ್ತದೆ, ಅವನು ಅದನ್ನೇ ನೋಡುತ್ತಿದ್ದಾನೆ, ಉಂಗುಷ್ಠ ಸವೆದಿದೆ, ಹೊಲಿಸಬೇಕು, ಅಂದುಕೊಳ್ಳುತ್ತಾನೆ, ಈ ಹೊತ್ತಿನಲ್ಲಿ, ಉಂಗುಷ್ಠ ಹೊಲಿಸುವ ಯೋಚನೆ. ನಾಳೆ ಹೋಗೋಣ, ಅಂದ. ನಾಳೆ ಆ ಅಮ್ಮ ಹೊರಟುಹೋಗ್ತಾರೆ, ಅಂದಳು ತಂಗಿ, ನಾಳೆ ಯಾರಿದಾರೆ ನನ್ನ ಪರವಾಗಿ. ನಾನಿಲ್ವಾ, ಎಂದು ಬಾಯಿಗೆ ಬಂತು, ಬಂದದ್ದಕ್ಕೇ ನಾಚಿಕೆಯಾಗಿ ನುಂಗಿಕೊಂಡ.

ಅವಳು ಚೀಲ ಎತ್ತಿಕೊಂಡಳು, ಛತ್ರಿ ಕಂಕುಳಲ್ಲಿ, ಅತ್ತಿಗೆಯ ಹತ್ತಿರ ಹೋಗಿ ಭುಜ ಮುಟ್ಟಿದಳು, ಬರ್ತೀನಿ ಅತ್ತಿಗೆ, ಹೆಂಡತಿ ಸೌಟು ಹಿಡಿದೇ ಅವಳನ್ನು ತಬ್ಬಿಕೊಂಡಳು, ಸೌಟಿನಿಂದ ಏನೋ ತೊಟ್ಟಿಕ್ಕಿತು ನೆಲಕ್ಕೆ, ಎಲ್ಲಿಗೆ ಹೋಗ್ತೀಯೇ, ಆ ಬೆಂಚಿನ ಮುದುಕಿಯ ಮಗಳು ಬಾ ಅಂದಿದಾಳೆ ಅತ್ತಿಗೆ, ಮಕ್ಕಳನ್ನ ನೋಡ್ಕೊಳ್ಳೋಕೆ, ನೆನ್ನೆ ಫೋನ್ ಮಾಡಿದ್ದೆ. ಬಾಗಿಲಿಗೆ ಬಂದಳು, ಅವನು ದಾರಿಯಲ್ಲಿ ನಿಂತಿದ್ದಾನೆ, ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ಪಕ್ಕಕ್ಕೆ ಸರಿಯಬೇಕು, ಸರಿದರೆ ಹೋಗು ಅಂದ ಹಾಗೆ, ಸರಿಯಲಿಲ್ಲ, ಅವಳು ಅವನ ಕಾಲು ನೋಡಿದಳು, ನಕ್ಕಳು ಸ್ವಲ್ಪ, ನಿಜವಾಗಿ ನಕ್ಕಳು, ಚಿಕ್ಕವಳಿದ್ದಾಗ ಅವನ ಅಂಗಿ ಗುಂಡಿ ತಪ್ಪಿದ್ದಕ್ಕೆ ನಗುತ್ತಿದ್ದ ಹಾಗೆ. ಅಣ್ಣ, ಕೋಪ ಮಾಡ್ಕೋಬೇಡ, ಒಂದು ಕೇಳ್ತೀನಿ, ನೀನು ನನ್ನ ಜಾಗದಲ್ಲಿದ್ದಿದ್ರೆ ಈ ಮನೇಲಿ ಇರ್ತಿದ್ದೆಯಾ? ನೇರವಾದ ಪ್ರಶ್ನೆ, ಹೌದು, ಇಲ್ಲ, ಎರಡರಲ್ಲಿ ಒಂದು, ಇಲ್ಲ ಕಣೇ, ಇರ್ತಿರಲಿಲ್ಲ, ಯಾವ ಮುಖ ಇಟ್ಕೊಂಡು ಇರಲಿ, ನಡಿ, ಯಜಮಾನರ ಮನೆಗೆ ಹೋಗೋಣ — ಅದು ಮಾತು, ಅದು ಸಿದ್ಧವಾಗಿತ್ತು, ಗಂಟಲಿನವರೆಗೆ ಬಂದಿತ್ತು. ಇರ್ತಿದ್ದೆನೋ ಇಲ್ವೋ, ಅಂದ, ಯಾರಿಗೆ ಗೊತ್ತು. ಅವಳು ತಲೆಯಾಡಿಸಿದಳು, ಕೇಳಬೇಕಾದದ್ದು ಕೇಳಿಯಾಯಿತು ಅನ್ನುವ ಹಾಗೆ, ಚೀಲವನ್ನು ಮುಂದೆ ಹಿಡಿದು ಅವನ ಪಕ್ಕದ ಸಂದಿನಲ್ಲಿ ಓರೆಯಾಗಿ ನುಸುಳಿದಳು, ಚೀಲ ಅವನ ಮೊಣಕಾಲಿಗೆ ತಾಗಿತು, ಅಷ್ಟೇ ತಾಗಿದ್ದು.

ಬೀದಿಯ ಕೊನೆಗೆ ತಿರುಗಿ ನೋಡುತ್ತಾಳೆ, ನೋಡದೆ ಇರುವುದಿಲ್ಲ, ನೋಡಲಿಲ್ಲ, ಕ್ಷೌರದ ಅಂಗಡಿ ದಾಟಿದಳು, ಏನಾದರೂ ಮರೆತಿರುತ್ತಾಳೆ, ಛತ್ರಿ, ಇಲ್ಲ ಛತ್ರಿ ತೆಗೆದುಕೊಂಡಳು, ಕನ್ನಡಕ, ಕನ್ನಡಕ ಮೂಗಿನ ಮೇಲಿತ್ತು, ಅಮ್ಮನ ಫೋಟೋ ಗೋಡೆಯ ಮೇಲಿದೆ, ಅದಕ್ಕೆ ಬರಬಹುದು, ಬರುತ್ತಾಳೆ, ಕೂಗಿದ್ದರೆ ನಿಲ್ಲುತ್ತಿದ್ದಳು, ಇಷ್ಟು ದೊಡ್ಡ ಗಂಟಲು ಇದೆ, ಇಡೀ ಅಂಗಳ ನಿಲ್ಲಿಸುವ ಗಂಟಲು, ಕೂಗಿದ್ದರೆ ನಿಲ್ಲುತ್ತಿದ್ದಳೋ ಇಲ್ಲವೋ, ಓಡಿದ್ದರೆ ಸಿಗುತ್ತಿದ್ದಳೋ ಇಲ್ಲವೋ, ಒಂದೇ ಚಪ್ಪಲಿಯಲ್ಲಿ ಓಡುವುದು ಹೇಗೆ, ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು, ಮೇಜಿನ ಕಾಲಿಗೆ ಬಂತು, ಬಸ್ಸಿನ ಹಾರ್ನ್ ಎಲ್ಲೋ ಕೇಳಿಸಿತು, ಅವಳು ಬರಲಿಲ್ಲ. ಹೆಂಡತಿ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ಪಾತ್ರೆಗಳೂ ಸುಮ್ಮನಾದವು. ಅವನು ಮೇಜಿನ ಮುಂದೆ ಕೂತ, ಬಟ್ಟಲು ಅಲ್ಲೇ ಇದೆ, ಎರಡು ಗುಟುಕು ಕಡಿಮೆ, ಆರಿದೆ, ಕೆನೆ ಕಟ್ಟಿದೆ, ಎತ್ತಿಕೊಂಡ, ತೊಳೆದಿಡೋಣ ಅಂತ, ತಾನೇ ತೊಳೆದಿಡೋಣ ಅಂತ, ಅಂಚಿನಿಂದ ಕೆಳಗೆ ಒಂದು ಕೂದಲು, ಅವಳದಿರಬೇಕು, ಚೀಲಕ್ಕೆ ಬಗ್ಗಿದ್ದಾಗ ಬಿದ್ದಿರಬೇಕು, ಉದ್ದ, ಕಂದು ಬಣ್ಣ, ಚಹಾ ಇಳಿದು ಕಂದು, ಹೆಬ್ಬೆರಳಿನಿಂದ ಒರೆಸಿದ, ಬೊಬ್ಬೆ ಎದ್ದ ಬೆರಳು, ಉರಿಯಿತು, ಹೋಗಲಿಲ್ಲ, ಉಗುರು, ಹೋಗಲಿಲ್ಲ, ಅಂಗಿಯ ಚುಂಗು, ಹೋಗಲಿಲ್ಲ, ಮತ್ತೆ ಹೆಬ್ಬೆರಳು, ಕೂದಲು, ಹೆಬ್ಬೆರಳು, ಕೂದಲು.